ಹವಾಮಾನ, ಇಂಧನ ಮತ್ತು ಪರಿಸರ ನೀತಿ: ಚಿತ್ರದುರ್ಗ ಸೀಮೆಯ ಜನಾಭಿಪ್ರಾಯ

ಚಿತ್ರದುರ್ಗ ಜಿಲ್ಲೆಯ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮಳೆ-ಬರ, ನೀರಾವರಿ, ವಿದ್ಯುತ್, ಗಾಳಿಯಂತ್ರ, ಗಣಿ, ಕಾಡು-ಕಾವಲುಗಳ ಕುರಿತ ಸರ್ಕಾರಿ ನೀತಿಗಳನ್ನು ಜನ ಹೇಗೆ ಕಂಡಿದ್ದಾರೆ, ತಮ್ಮ ಒಪ್ಪಿಗೆ-ವಿರೋಧವನ್ನು ಯಾವ ದಾರಿಯಲ್ಲಿ ತಿಳಿಸಿದ್ದಾರೆ ಎಂಬುದು ಈ ಲೇಖನದ ವಿಷಯ. ಮಧ್ಯ ಕರ್ನಾಟಕದ ಈ ಸೀಮೆಯಲ್ಲಿ ಹವಾಮಾನ ಬದಲಾವಣೆಯ ಹೆಸರಿನಲ್ಲೇ ನಡೆದ ಚಳವಳಿ ಅಪರೂಪ. ಆದರೆ ಆ ಬದಲಾವಣೆಯನ್ನು ತಡೆಯಲು ಅಥವಾ ಅದಕ್ಕೆ ಹೊಂದಿಕೊಳ್ಳಲು ಸರ್ಕಾರ ಕೈಗೊಳ್ಳುವ ಪ್ರತಿಯೊಂದು ಕೆಲಸವೂ ಇಲ್ಲಿ ನೀರಿನ ಲೆಕ್ಕದಲ್ಲಿ ತೂಗಲ್ಪಡುತ್ತದೆ. ಕೆರೆಗೆ ನೀರು ತರುವ ಯೋಜನೆಗೆ ಪಕ್ಷಭೇದವಿಲ್ಲದ ಬೆಂಬಲ, ಭೂಮಿ ಕೇಳುವ ಯೋಜನೆಗೆ ಷರತ್ತಿನ ಒಪ್ಪಿಗೆ, ಗೋಮಾಳ-ಕಾವಲಿಗೆ ಕೈಹಾಕುವ ಯೋಜನೆಗೆ ವಿರೋಧ: ಸ್ಥೂಲವಾಗಿ ಇದು ಇಲ್ಲಿನ ಅಭಿಪ್ರಾಯದ ಚಹರೆ.

ನೆಲ ಮತ್ತು ಮಳೆ

ಜಿಲ್ಲೆ ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿದೆ. ವಾರ್ಷಿಕ ಮಳೆ ಸುಮಾರು 550ರಿಂದ 600 ಮಿಲಿಮೀಟರ್. ಪಶ್ಚಿಮದ ಹೊಳಲ್ಕೆರೆ ಕಡೆ ಸ್ವಲ್ಪ ಹೆಚ್ಚು, ಪೂರ್ವಕ್ಕೆ ಸರಿದಂತೆ ಕಡಿಮೆ. ಕೃಷಿ ಇಲಾಖೆಯ ವಿಂಗಡಣೆಯಲ್ಲಿ ಇದು ಮಧ್ಯ ಒಣ ವಲಯಕ್ಕೆ ಸೇರುತ್ತದೆ; ಆ ವಲಯದ ಸಂಶೋಧನಾ ಕೇಂದ್ರ ಹಿರಿಯೂರಿನ ಬಬ್ಬೂರು ಫಾರ್ಮಿನಲ್ಲಿದೆ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿ ಕಡೂರು, ಹೊಸದುರ್ಗ ದಾಟಿ ಬರುವ ವೇದಾವತಿಯೇ ಈ ಭಾಗದ ಮುಖ್ಯ ನದಿ. ಅದು ವರ್ಷದ ಬಹುಪಾಲು ಮರಳಾಗಿಯೇ ಕಾಣುತ್ತದೆ.

ನದಿ ನೀರಿಲ್ಲದ ಕಡೆ ಬೇಸಾಯ ಕೊಳವೆಬಾವಿಗೆ ಆತುಕೊಂಡಿದೆ. ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ, ಹೊಸದುರ್ಗ ಮತ್ತು ಹಿರಿಯೂರಿನ ತೆಂಗು, ಈಚಿನ ದಶಕಗಳ ದಾಳಿಂಬೆ, ಎಲ್ಲವೂ ಭೂಮಿಯಾಳದಿಂದ ಎತ್ತಿದ ನೀರಿನ ಬೆಳೆಗಳು. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ವರ್ಷಗಳಿಂದ ಇವೆ. ಹಲವು ಹಳ್ಳಿಗಳ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇದೆ. ಬರ ಬಿದ್ದ ವರ್ಷ ಅಡಿಕೆ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸುವುದು, ಸಾವಿರ ಅಡಿ ಕೊರೆದರೂ ಧೂಳು ಬಂದ ಬೋರ್‌ವೆಲ್‌ನ ಸಾಲ ತೀರಿಸುವುದು ಇಲ್ಲಿನ ಮನೆಮನೆಯ ಅನುಭವ. ನೀತಿಯ ಬಗ್ಗೆ ಜನ ಆಡುವ ಮಾತಿಗೆಲ್ಲ ಈ ಅನುಭವವೇ ತಳಪಾಯ.

2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಪರಿಹಾರದ ಹಣಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ₹3,454 ಕೋಟಿ ಬಿಡುಗಡೆ ಮಾಡಿತು. ಈ ಬರಕ್ಕೆ ಒಂದು ವರ್ಷ ಮುಂಚೆ ಇದೇ ಸೀಮೆ ಅತಿವೃಷ್ಟಿ ಕಂಡಿತ್ತು. ಒಂದು ವರ್ಷ ಕೋಡಿ, ಮರುವರ್ಷ ಬರ ಎಂಬ ಈ ಏರುಪೇರನ್ನೇ ಇಲ್ಲಿನ ರೈತರು ‘ಕಾಲ ಕೆಟ್ಟಿದೆ’ ಎನ್ನುತ್ತಾರೆ.

ಸಮೀಕ್ಷೆಗಳು ಹೇಳುವುದು

ಹವಾಮಾನ ಕುರಿತ ಭಾರತೀಯರ ಅಭಿಪ್ರಾಯವನ್ನು ಕ್ರಮಬದ್ಧವಾಗಿ ಅಳೆದ ಪ್ರಯತ್ನಗಳಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹವಾಮಾನ ಸಂವಹನ ವಿಭಾಗವು ಸಿ-ವೋಟರ್ ಸಂಸ್ಥೆಯೊಂದಿಗೆ ನಡೆಸಿದ ಸಮೀಕ್ಷೆ ಮುಖ್ಯವಾದುದು. 2021ರ ಅಕ್ಟೋಬರಿನಿಂದ 2022ರ ಜನವರಿವರೆಗೆ ದೇಶದಾದ್ಯಂತ 4,619 ವಯಸ್ಕರನ್ನು ಮಾತನಾಡಿಸಲಾಯಿತು. ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ತಮಗೆ ಗೊತ್ತಿರುವುದು ಅಲ್ಪಸ್ವಲ್ಪ, ಇಲ್ಲವೇ ಆ ಹೆಸರನ್ನೇ ಕೇಳಿಲ್ಲ ಎಂದವರು ಶೇ 54. ಅದೇ ಜನರಿಗೆ ಸಂಗತಿಯನ್ನು ನಾಲ್ಕು ಮಾತಿನಲ್ಲಿ ವಿವರಿಸಿ ಕೇಳಿದಾಗ, ಅದು ನಡೆಯುತ್ತಿದೆ ಎಂದವರು ಶೇ 84. ಕಾರಣ ಬಹುಮಟ್ಟಿಗೆ ಮನುಷ್ಯರ ಚಟುವಟಿಕೆ ಎಂದವರು ಶೇ 57. ಆತಂಕವಿದೆ ಎಂದವರು ಶೇ 81.

ಇವು ಇಡೀ ದೇಶದ ಅಂಕಿಗಳು. ಇಂಥ ಸಮೀಕ್ಷೆಗಳನ್ನು ಆಧರಿಸಿ ಜಿಲ್ಲಾವಾರು ನಕ್ಷೆಗಳೂ ಪ್ರಕಟವಾಗಿವೆ. ಆದರೆ ಅವು ದೇಶದ ಉತ್ತರಗಳನ್ನು ಜನಗಣತಿಯ ವಿವರಗಳೊಂದಿಗೆ ಬೆಸೆದು ಗಣಿತದಿಂದ ಪಡೆದ ಅಂದಾಜುಗಳು. ಒಂದೊಂದು ಜಿಲ್ಲೆಯ ಮನೆಬಾಗಿಲಿಗೆ ಹೋಗಿ ಕೇಳಿದ್ದಲ್ಲ. ಹೊಸದುರ್ಗದ ತೆಂಗು ಬೆಳೆಗಾರನಿಗೂ ಹಿರಿಯೂರಿನ ನಾಲೆ ಕೊನೆಯ ರೈತನಿಗೂ ಇರುವ ಭಿನ್ನಾಭಿಪ್ರಾಯ ಇಂಥ ನಕ್ಷೆಯಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯಲು ಮನವಿ ಪತ್ರ, ಧರಣಿ, ಅಹವಾಲು ಸಭೆಯ ನಡಾವಳಿ, ನ್ಯಾಯಾಲಯದ ಕಡತ ಮತ್ತು ಚುನಾವಣೆಯ ಭಾಷಣಗಳನ್ನೇ ನೋಡಬೇಕಾಗುತ್ತದೆ.

ಭದ್ರಾ ಮೇಲ್ದಂಡೆ ಯೋಜನೆ

ಈ ಸೀಮೆಯಲ್ಲಿ ಅತಿ ಹೆಚ್ಚು ಜನರನ್ನು ಒಂದುಗೂಡಿಸಿದ ನೀತಿಪ್ರಶ್ನೆ ಭದ್ರಾ ಮೇಲ್ದಂಡೆ. ತುಂಗಾ ನದಿಯಿಂದ 17.4 ಟಿಎಂಸಿ ಅಡಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯ ಪಾಲೂ ಸೇರಿಸಿ ಒಟ್ಟು 29.9 ಟಿಎಂಸಿ ಅಡಿ ನೀರನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವುದು ಯೋಜನೆಯ ತಿರುಳು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವುದು, 367 ಕೆರೆಗಳನ್ನು ತುಂಬಿಸುವುದು ಗುರಿ. ಪರಿಷ್ಕೃತ ಅಂದಾಜು ವೆಚ್ಚ ₹21,473 ಕೋಟಿ. ವಿಶ್ವೇಶ್ವರಯ್ಯ ಜಲ ನಿಗಮ ಕಾಮಗಾರಿ ನಡೆಸುತ್ತಿದೆ.

ಯೋಜನೆಗಾಗಿ ದಶಕಗಳ ಕಾಲ ನಡೆದ ಹೋರಾಟದಲ್ಲಿ ಹಸಿರು ಶಾಲಿನ ರೈತ ಸಂಘಗಳು, ಮಠಗಳು, ವಕೀಲರು, ವರ್ತಕರು, ಎಲ್ಲ ಪಕ್ಷಗಳ ಮುಖಂಡರು ಒಟ್ಟಿಗೆ ನಿಂತರು. ಚಿತ್ರದುರ್ಗದ ಒನಕೆ ಓಬವ್ವ ವೃತ್ತದಿಂದ ಜಿಲ್ಲಾಧಿಕಾರಿ ಕಚೇರಿವರೆಗಿನ ದಾರಿ ಈ ಬೇಡಿಕೆಯ ಘೋಷಣೆಗಳನ್ನು ಮತ್ತೆ ಮತ್ತೆ ಕೇಳಿದೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಬಜೆಟ್ ಯೋಜನೆಗೆ ₹5,300 ಕೋಟಿ ನೆರವು ಘೋಷಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ನಡೆಯಿತು. ಘೋಷಿಸಿದ ಹಣ ಬಾರದೇ ಉಳಿದದ್ದು 2024ರ ಲೋಕಸಭಾ ಚುನಾವಣೆಯಲ್ಲಿ ಎರಡೂ ಕಡೆಯವರ ಭಾಷಣದ ಮುಖ್ಯ ವಸ್ತುವಾಯಿತು. ಕೇಂದ್ರ ಕೊಡಲಿಲ್ಲ ಎಂದು ಒಬ್ಬರು, ರಾಜ್ಯ ಕೆಲಸ ಮುಗಿಸಲಿಲ್ಲ ಎಂದು ಇನ್ನೊಬ್ಬರು ವಾದಿಸಿದರು. ಯೋಜನೆ ಬೇಡ ಎಂದು ಹೇಳುವ ಧೈರ್ಯ ಜಿಲ್ಲೆಯ ಯಾವ ಪಕ್ಷಕ್ಕೂ ಇರಲಿಲ್ಲ.

ಆದರೆ ಜಿಲ್ಲೆಯ ಗಡಿ ದಾಟಿದರೆ ಅಭಿಪ್ರಾಯ ಬದಲಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಅಬ್ಬಿನಹೊಳಲು ಬಳಿ ಭೂಪರಿಹಾರದ ತಕರಾರಿನಿಂದ 2 ಕಿಲೋಮೀಟರಿಗೂ ಕಡಿಮೆ ಉದ್ದದ ನಾಲೆಯ ಕೆಲಸ ವರ್ಷಗಟ್ಟಲೆ ನಿಂತು, ಅದರ ಮುಂದಿನ ನೂರಾರು ಕಿಲೋಮೀಟರ್ ನಾಲೆ ನೀರು ಕಾಣದೇ ಕಾಯಬೇಕಾಯಿತು. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಹೊಸದುರ್ಗವೂ ಸೇರಿದಂತೆ ಹಲವು ತಾಲ್ಲೂಕುಗಳಿಗೆ ಕುಡಿಯುವ ನೀರು ಒಯ್ಯುವ ಪ್ರತ್ಯೇಕ ಕಾಮಗಾರಿಯ ವಿರುದ್ಧ ದಾವಣಗೆರೆ ಅಚ್ಚುಕಟ್ಟಿನ ರೈತರು ಬೀದಿಗಿಳಿದರು. ಒಂದೇ ಜಲಾಶಯದ ನೀರು ಬಯಲಿನವರಿಗೆ ಹಕ್ಕಾಗಿಯೂ ಅಚ್ಚುಕಟ್ಟಿನವರಿಗೆ ನಷ್ಟವಾಗಿಯೂ ಕಂಡಿತು.

ವಾಣಿ ವಿಲಾಸ ಸಾಗರದ ಎರಡು ದಡ

ಜಿಲ್ಲೆಯೊಳಗೇ ಅಭಿಪ್ರಾಯ ಒಡೆಯುವುದನ್ನು ವಾಣಿ ವಿಲಾಸ ಸಾಗರದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಾಗದು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1898ರಿಂದ 1907ರ ನಡುವೆ ಕಟ್ಟಿಸಿದ ಈ ಅಣೆಕಟ್ಟೆಗೆ ಆಗಿನ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನ ಅವರ ಹೆಸರಿದೆ. ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ, ಪೂರ್ಣ ಮಟ್ಟ 130 ಅಡಿ. 1933ರಲ್ಲಿ ತುಂಬಿದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. 2025ರ ಜನವರಿಯಲ್ಲಿ, ಭದ್ರೆಯಿಂದ ಬಂದ ನೀರೂ ಸೇರಿ, ಮತ್ತೊಮ್ಮೆ ಕೋಡಿ ಹರಿಯಿತು. ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು.

ಕೋಡಿ ನೋಡಲು ಹಿರಿಯೂರಿಗೆ ಜನಸಾಗರ ಹರಿದ ದಿನಗಳಲ್ಲೇ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ತೋಟಗಳು ಮುಳುಗಿದ್ದವು. ಸುಮಾರು ತೊಂಬತ್ತು ವರ್ಷ ನೀರು ಬಾರದ ನೆಲದಲ್ಲಿ ತಲೆಮಾರುಗಳು ಉಳುಮೆ ಮಾಡಿ, ತೆಂಗು-ಅಡಿಕೆ ಬೆಳೆಸಿ, ರಸ್ತೆ ಹಾಕಿಕೊಂಡಿದ್ದವು. ಕೋಡಿಯ ಮಟ್ಟವನ್ನು ತಗ್ಗಿಸಬೇಕು ಎಂಬುದು ಹಿನ್ನೀರಿನವರ ಬೇಡಿಕೆ. ಒಂದು ಅಡಿಯನ್ನೂ ತಗ್ಗಿಸಕೂಡದು ಎಂಬುದು ಹಿರಿಯೂರು ಅಚ್ಚುಕಟ್ಟಿನವರ ಪಟ್ಟು. ಇಬ್ಬರ ವಾದದಲ್ಲೂ ಹುರುಳಿದೆ: ಒಬ್ಬರು ಈಗ ಕಳೆದುಕೊಂಡ ಬೆಳೆಯನ್ನು ತೋರಿಸುತ್ತಾರೆ, ಇನ್ನೊಬ್ಬರು ಮುಂದಿನ ಬರಗಾಲವನ್ನು ನೆನಪಿಸುತ್ತಾರೆ. ಹವಾಮಾನದ ಏರುಪೇರು ಹೆಚ್ಚಿದಂತೆ ಇಂಥ ತಕರಾರುಗಳೂ ಹೆಚ್ಚುತ್ತವೆ.

ಮೂರನೆಯ ದನಿಯೂ ಇದೆ. ಜಲಾಶಯ ತಮ್ಮ ತಾಲ್ಲೂಕಿನಲ್ಲೇ ಇದ್ದರೂ ನೀರು ಸಿಗದ ಧರ್ಮಪುರ ಮತ್ತು ಜವನಗೊಂಡನಹಳ್ಳಿ ಹೋಬಳಿಗಳ ರೈತರು ತಮ್ಮ ಕೆರೆಗಳಿಗೆ ನೀರು ತುಂಬಿಸುವಂತೆ ಬಹುಕಾಲದಿಂದ ಕೇಳುತ್ತಿದ್ದಾರೆ. ಧರ್ಮಪುರ ಕೆರೆಯ ಪೂರಕ ನಾಲೆಯ ಬೇಡಿಕೆ ಹಲವು ಸರ್ಕಾರಗಳನ್ನು ದಾಟಿ ಬಂದಿದೆ. ಚಿತ್ರದುರ್ಗ ನಗರವೂ ಕುಡಿಯುವ ನೀರಿಗೆ ಈ ಜಲಾಶಯವನ್ನೂ ಚನ್ನಗಿರಿಯ ಶಾಂತಿಸಾಗರವನ್ನೂ ನೆಚ್ಚಿಕೊಂಡಿದೆ. ಬರಗಾಲದಲ್ಲಿ ಚಳ್ಳಕೆರೆ ಕಡೆಗೆ ನದಿಗೆ ನೀರು ಬಿಡುವ ಮಾತು ಬಂದಾಗ ಹಿರಿಯೂರಿನಲ್ಲಿ ಅಸಮಾಧಾನ ಏಳುತ್ತದೆ. ಒಟ್ಟಿನಲ್ಲಿ ಭದ್ರೆಯ ನೀರು ಬರಲಿ ಎಂಬಲ್ಲಿವರೆಗೆ ಜಿಲ್ಲೆಗೆ ಒಂದೇ ಅಭಿಪ್ರಾಯ. ಬಂದ ನೀರು ಯಾರಿಗೆ ಎಂಬಲ್ಲಿಂದ ಮುಂದೆ ಹೋಬಳಿಗೊಂದು ಅಭಿಪ್ರಾಯ.

ಪಂಪ್‌ಸೆಟ್ ಮತ್ತು ಕರೆಂಟು

ಇಂಧನ ನೀತಿಯಲ್ಲಿ ಜನ ದಿನನಿತ್ಯ ಮುಟ್ಟುವ ಭಾಗ ಪಂಪ್‌ಸೆಟ್ಟಿನ ವಿದ್ಯುತ್. ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ಇದೆ. 2023ರ ಗೃಹಜ್ಯೋತಿ ಯೋಜನೆಯಡಿ ಮನೆಗಳಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಜಿಲ್ಲೆಗೆ ವಿದ್ಯುತ್ ಪೂರೈಸುವುದು ಬೆಸ್ಕಾಂ.

ರೈತರ ದೂರು ಬೆಲೆಯ ಬಗ್ಗೆ ಅಲ್ಲ, ಹೊತ್ತಿನ ಬಗ್ಗೆ. ಮೂರು ಫೇಸಿನ ಕರೆಂಟು ದಿನಕ್ಕೆ ಏಳು ಗಂಟೆ ಎಂಬುದು ಸರ್ಕಾರದ ಮಾತು. ಅದು ಹಗಲಿನಲ್ಲಿ ಬರುವುದೋ ರಾತ್ರಿಯಲ್ಲೋ, ಒಂದೇ ಸಲ ಬರುವುದೋ ಕಂತಿನಲ್ಲೋ ಎಂಬುದರ ಮೇಲೆ ರೈತನ ದಿನಚರಿ ನಿಂತಿದೆ. ರಾತ್ರಿ ಪಾಳಿಯಾದರೆ ಟಾರ್ಚು, ಕೋಲು ಹಿಡಿದು ತೋಟಕ್ಕೆ ಹೋಗಬೇಕು. ಹಾವು, ಕರಡಿ, ಚಿರತೆಯ ಭಯ. ನಡುವೆ ಫೇಸು ಹೋದರೆ ಮೋಟಾರು ಸುಡುತ್ತದೆ. ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಬದಲಿ ಬರುವವರೆಗೆ ಕಾಯಬೇಕು. 2023ರ ಅಕ್ಟೋಬರಿನಲ್ಲಿ ಬರದಿಂದ ಜಲವಿದ್ಯುತ್ ಕುಸಿದು ಪೂರೈಕೆ ಐದು ಗಂಟೆಗೆ ಇಳಿದಾಗ ರಾಜ್ಯದಾದ್ಯಂತ ರೈತರು ವಿದ್ಯುತ್ ಕಚೇರಿಗಳ ಮುಂದೆ ಕುಳಿತರು. ಏಳು ಗಂಟೆಯ ಭರವಸೆಗೆ ಸರ್ಕಾರ ಮರಳಬೇಕಾಯಿತು.

ಪಂಪ್‌ಸೆಟ್‌ಗೆ ಮೀಟರ್ ಅಳವಡಿಸುವುದು, ವಿದ್ಯುತ್ ತಿದ್ದುಪಡಿ ಮಸೂದೆ, ಸಂಪರ್ಕದ ಆರ್‌.ಆರ್. ಸಂಖ್ಯೆಗೆ ಆಧಾರ್ ಜೋಡಣೆ, ಈ ಮೂರನ್ನೂ ರೈತ ಸಂಘಟನೆಗಳು ವಿರೋಧಿಸಿವೆ. ಇಂದು ಅಳತೆ, ನಾಳೆ ಬಿಲ್ಲು ಎಂಬುದು ಅವರ ಅನುಮಾನ. ಅಂತರ್ಜಲ ಉಳಿಸಲು ಬಳಕೆಯನ್ನು ಅಳೆಯಲೇಬೇಕು ಎಂಬುದು ನೀತಿ ರೂಪಿಸುವವರ ವಾದ. ಪಿಎಂ-ಕುಸುಮ್ ಅಡಿ ಕೇಂದ್ರದ ಶೇ 30, ರಾಜ್ಯದ ಶೇ 50 ಸೇರಿ ಸೌರ ಪಂಪಿಗೆ ಶೇ 80 ಸಹಾಯಧನ ಸಿಗುತ್ತದೆ. ಹಗಲಲ್ಲೇ ನೀರು ಹಾಯಿಸಬಹುದೆಂಬ ಕಾರಣಕ್ಕೆ ಇದರತ್ತ ಒಲವಿದೆ. ಆದರೆ ಎಂಟುನೂರು, ಸಾವಿರ ಅಡಿ ಆಳದಿಂದ ನೀರೆತ್ತಲು ಈ ಪಂಪು ಸಾಲದು ಎಂಬ ಸಂದೇಹವೂ ಇದೆ. ಇಲ್ಲಿ ಸೌರಶಕ್ತಿ ಜನರಿಗೆ ಹಿಡಿಸುವುದು ಇಂಗಾಲ ಕಡಿಮೆ ಮಾಡುತ್ತದೆ ಎಂದಲ್ಲ, ರಾತ್ರಿ ನಿದ್ದೆ ಉಳಿಸುತ್ತದೆ ಎಂದು.

ಬೆಟ್ಟದ ಮೇಲಿನ ಫ್ಯಾನುಗಳು

ಗಾಳಿ ವಿದ್ಯುತ್ತಿಗೆ ಕರ್ನಾಟಕದಲ್ಲಿ ಮೊದಲು ಗುರುತಿಸಿದ ಸ್ಥಳಗಳಲ್ಲಿ ಚಿತ್ರದುರ್ಗದ ಬೆಟ್ಟಸಾಲು ಒಂದು. ನೈರುತ್ಯ ಮಾರುತ ಬೀಸುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ. 2000ದ ನಂತರ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಗುಡ್ಡಗಳ ಮೇಲೆ ಜನ ‘ಫ್ಯಾನು’ ಎಂದು ಕರೆಯುವ ಗಾಳಿಯಂತ್ರಗಳು ಸಾಲಾಗಿ ಎದ್ದವು. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ ಯೋಜನೆಗಳನ್ನು ಹಂಚಿತು.

ಜನಾಭಿಪ್ರಾಯದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಸಂಗತಿ ಕಾನೂನಿನದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಣಿ, ಸಿಮೆಂಟ್, ಉಷ್ಣ ವಿದ್ಯುತ್ ಇವೆ. ಗಾಳಿ ವಿದ್ಯುತ್ ಇಲ್ಲ. ಆದ್ದರಿಂದ ಗಾಳಿಯಂತ್ರದ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. ಕ್ಯೋಟೊ ಒಪ್ಪಂದದಡಿ ಕಾರ್ಬನ್ ಕ್ರೆಡಿಟ್‌ಗಾಗಿ ನೋಂದಾಯಿಸಿಕೊಂಡ ಯೋಜನೆಗಳು ಮಾತ್ರ ಸ್ಥಳೀಯರನ್ನು ಕೇಳಿದ್ದೇವೆಂದು ತಮ್ಮ ಕಡತದಲ್ಲಿ ಒಂದು ಅಧ್ಯಾಯ ಬರೆಯಬೇಕಿತ್ತು. ಆ ಕಡತಗಳು ಇಂಗ್ಲಿಷಿನಲ್ಲಿ, ವಿದೇಶಿ ಕಚೇರಿಗಳಿಗಾಗಿ ಸಿದ್ಧವಾದವು. ಉಳಿದಂತೆ ಗ್ರಾಮ ಪಂಚಾಯಿತಿಯ ನಿರಾಕ್ಷೇಪಣಾ ಪತ್ರ, ಜಮೀನು ಕೊಡುವವರೊಂದಿಗಿನ ಖಾಸಗಿ ಕರಾರು, ಅರಣ್ಯ ಭೂಮಿಯಾದರೆ ಅರಣ್ಯ ಇಲಾಖೆಯ ಅನುಮತಿ, ಇಷ್ಟರಲ್ಲೇ ಕೆಲಸ ಮುಗಿಯಿತು.

ಹೀಗಾಗಿ ಒಪ್ಪಿಗೆಯೂ ವಿರೋಧವೂ ಜಮೀನಿನ ಗಡಿಯ ಮೇಲೆಯೇ ನಡೆಯುತ್ತವೆ. ಭೂಮಿ ಗುತ್ತಿಗೆ ಕೊಟ್ಟವರಿಗೆ ವರ್ಷದ ಆದಾಯ. ಬರಗಾಲದಲ್ಲೂ ನಿಲ್ಲದ ಹಣವೆಂಬ ನೆಮ್ಮದಿ. ಪಕ್ಕದ ಜಮೀನಿನವನ ಪಾಲಿಗೆ ಭಾರಿ ವಾಹನದಿಂದ ಹಾಳಾದ ಬಂಡಿದಾರಿ, ಸದ್ದು. ಕುರಿ ಮೇಯಿಸುವವರಿಗೆ ಬೇಲಿ. ಫ್ಯಾನುಗಳು ಮೋಡವನ್ನು ಚದುರಿಸಿ ಮಳೆ ಓಡಿಸುತ್ತವೆ ಎಂಬ ಮಾತು ಮಹಾರಾಷ್ಟ್ರದ ಸಾಂಗ್ಲಿ, ಧುಳೆ ಭಾಗಗಳಂತೆ ಮಧ್ಯ ಕರ್ನಾಟಕದಲ್ಲೂ ಕೇಳಿಬಂದಿದೆ. ಯಂತ್ರದ ರೆಕ್ಕೆ ತಲುಪುವುದು ನೂರು, ನೂರೈವತ್ತು ಮೀಟರ್ ಎತ್ತರವನ್ನು; ಮಳೆ ತರುವ ಮೋಡ ಅದಕ್ಕಿಂತ ಬಹಳ ಮೇಲೆ ಕಟ್ಟುತ್ತದೆ. ಆದ್ದರಿಂದ ಈ ನಂಬಿಕೆಗೆ ವಿಜ್ಞಾನದ ಆಧಾರವಿಲ್ಲ. ಆದರೆ ಬರ ಮತ್ತು ಫ್ಯಾನು ಒಂದೇ ದಶಕದಲ್ಲಿ ಬಂದದ್ದು, ಯಾರೂ ಊರವರ ಮುಂದೆ ಕುಳಿತು ವಿವರಿಸದೇ ಹೋದದ್ದು ಆ ನಂಬಿಕೆ ಬೇರೂರಲು ಎಡೆಮಾಡಿಕೊಟ್ಟವು.

ಪರಿಸರಾಸಕ್ತರ ಆಕ್ಷೇಪ ಬೇರೆ ಬಗೆಯದು. ಚಿತ್ರದುರ್ಗ ನಗರಕ್ಕೆ ತಾಗಿದ ಜೋಗಿಮಟ್ಟಿ ಕಾಡು ಕೊಂಡುಕುರಿ, ಕರಡಿ, ಚಿರತೆ ಮತ್ತು ಹಳದಿ ಕೊರಳಿನ ಪಿಕಳಾರ ಹಕ್ಕಿಯ ನೆಲೆ. ಗುಡ್ಡದ ನೆತ್ತಿಗೆ ರಸ್ತೆ ಕೊರೆದು ಯಂತ್ರ ನಿಲ್ಲಿಸುವುದರಿಂದ ಮಣ್ಣು ಕೊಚ್ಚಿ, ಪ್ರಾಣಿಗಳ ಓಡಾಟ ಕಡಿದುಹೋಗುತ್ತದೆ ಎಂದು ಅವರು ಎಚ್ಚರಿಸಿದರು. 2015ರಲ್ಲಿ ಸುಮಾರು 100 ಚದರ ಕಿಲೋಮೀಟರ್ ಪ್ರದೇಶ ಜೋಗಿಮಟ್ಟಿ ವನ್ಯಜೀವಿ ಧಾಮವೆಂದು ಘೋಷಣೆಯಾಯಿತು. ಗಾಳಿಯಂತ್ರವಿರುವ ಕಡೆ ಬೇಟೆಹಕ್ಕಿಗಳು ಕಡಿಮೆಯಾಗಿ ಓತಿಕ್ಯಾತಗಳ ಸಂಖ್ಯೆ ಏರುತ್ತದೆ ಎಂದು ಮಹಾರಾಷ್ಟ್ರದ ಚಾಳಕೆವಾಡಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ತೋರಿಸಿದೆ.

ಸೌರ ಪಾರ್ಕ್ ಮತ್ತು ವಿದ್ಯುತ್ ಮಾರ್ಗಗಳು

ಸೌರ ವಿದ್ಯುತ್ತಿನ ಬಗ್ಗೆ ಮಾತು ಬಂದರೆ ಈ ಭಾಗದ ಜನ ಪಕ್ಕದ ಪಾವಗಡವನ್ನು ಉದಾಹರಿಸುತ್ತಾರೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಅಲ್ಲಿ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ ₹21,000ದಂತೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆಯೊಂದಿಗೆ, ಗುತ್ತಿಗೆ ಪಡೆಯಲಾಯಿತು. ಪಹಣಿ ರೈತನ ಹೆಸರಿನಲ್ಲೇ ಉಳಿಯುತ್ತದೆ ಎಂಬುದೇ ಜನ ಒಪ್ಪಲು ಮುಖ್ಯ ಕಾರಣ. ಹೆಚ್ಚು ಭೂಮಿ ಇದ್ದವರಿಗೆ ಅನುಕೂಲವಾಯಿತು. ಭೂಮಿಯೇ ಇಲ್ಲದ ಕೂಲಿಗಳು ಹೊಲದ ಕೆಲಸ ಕಳೆದುಕೊಂಡರು, ದನ-ಕುರಿಗಳಿಗೆ ಮೇವಿನ ಜಾಗ ಕುಗ್ಗಿತು. ಹಿರಿಯೂರು ಕಡೆ ಸೌರ ಕಂಪನಿಗಳು ಭೂಮಿ ಕೇಳಿಕೊಂಡು ಬಂದಾಗ ರೈತರು ಮೊದಲು ವಿಚಾರಿಸುವುದು ಈ ಗುತ್ತಿಗೆಯ ದರವನ್ನೇ.

ವಿದ್ಯುತ್ ಉತ್ಪಾದನೆಗಿಂತ ಅದನ್ನು ಸಾಗಿಸುವ ಹೈಟೆನ್ಷನ್ ಲೈನುಗಳು ಹೆಚ್ಚು ಜಗಳ ತಂದಿವೆ. 1885ರ ಟೆಲಿಗ್ರಾಫ್ ಕಾಯ್ದೆಯ ಬಲದಿಂದ ಲೈನು ಎಳೆಯುವವರು ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆಯೇ ಟವರ್ ನೆಡಬಹುದು. ತಂತಿಯ ಕೆಳಗೆ ತೆಂಗು, ಅಡಿಕೆ ಬೆಳೆಸುವಂತಿಲ್ಲ. 2015ರಲ್ಲಿ ಕೇಂದ್ರ ಇಂಧನ ಸಚಿವಾಲಯ ಟವರ್ ನಿಂತ ಜಾಗಕ್ಕೆ ಭೂಮಿಯ ಮೌಲ್ಯದ ಶೇ 85, ತಂತಿ ಹಾಯ್ದ ಪಟ್ಟಿಗೆ ಗರಿಷ್ಠ ಶೇ 15 ಪರಿಹಾರ ಸೂಚಿಸಿತು. ಸಾಲದು ಎಂಬ ಕೂಗು ದೇಶದಾದ್ಯಂತ ಎದ್ದ ಮೇಲೆ 2024ರ ಜೂನ್‌ನಲ್ಲಿ ಅವನ್ನು ಕ್ರಮವಾಗಿ ಶೇ 200 ಮತ್ತು ಶೇ 30ಕ್ಕೆ ಏರಿಸಿತು. ಜನರ ತಕರಾರು ನೀತಿಯನ್ನು ಬದಲಿಸಿದ ನೇರ ಉದಾಹರಣೆಗಳಲ್ಲಿ ಇದೊಂದು.

ಗಣಿ ಮತ್ತು ಅಹವಾಲು ಸಭೆ

ಭೀಮಸಮುದ್ರ ಸುತ್ತಿನ ಹಾಗೂ ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಗುಡ್ಡಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿದೆ. 2009ರಲ್ಲಿ ಸಮಾಜ ಪರಿವರ್ತನಾ ಸಮುದಾಯ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್‌ನ ತೀರ್ಪು ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಪುನರುಜ್ಜೀವನ ಯೋಜನೆಯ ಷರತ್ತಿನ ಮೇಲೆ ಕೆಲವಕ್ಕೆ ಅವಕಾಶ ನೀಡಿತು. ಚಿತ್ರದುರ್ಗ-ತುಮಕೂರು ಎರಡಕ್ಕೂ ಸೇರಿ ವರ್ಷಕ್ಕೆ 70 ಲಕ್ಷ ಟನ್ನಿನ ಮಿತಿ ಇತ್ತು. 2022ರ ಆಗಸ್ಟ್‌ನಲ್ಲಿ ಅದನ್ನು 1.5 ಕೋಟಿ ಟನ್ನಿಗೆ ಏರಿಸಲಾಯಿತು.

ಗಣಿ ವಿಸ್ತರಣೆಗೆ ಅಹವಾಲು ಸಭೆ ಕಡ್ಡಾಯ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶವನ್ನು ಪಂಚಾಯಿತಿಯಲ್ಲಿ ಓದಲು ಇಡಬೇಕು. ಗಣಿಯ ಹತ್ತಿರದಲ್ಲೇ ಶಾಮಿಯಾನ ಹಾಕಿ, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಭೆ ನಡೆಯುತ್ತದೆ. ಮಾತೆಲ್ಲ ವಿಡಿಯೊದಲ್ಲಿ ದಾಖಲಾಗುತ್ತದೆ. ಕಂಪನಿಯವರು ಪರದೆಯ ಮೇಲೆ ಅಂಕಿ ತೋರಿಸುತ್ತಾರೆ. ಊರವರು ಮೈಕ್ ಹಿಡಿದು ಅಡಿಕೆ ಸೋಗೆಯ ಮೇಲೆ ಕೂರುವ ಕೆಂಧೂಳು, ಅದಿರು ಲಾರಿಯ ವೇಗ, ಕೆರೆಗೆ ಬರುವ ಹೂಳು, ಬತ್ತಿದ ಬೋರ್‌ವೆಲ್ ಬಗ್ಗೆ ಹೇಳುತ್ತಾರೆ. ಅದೇ ಸಭೆಯಲ್ಲಿ ಲಾರಿ ಮಾಲೀಕರು, ಗಣಿ ಕೆಲಸಗಾರರು ಗಣಿ ಮುಂದುವರಿಯಲಿ ಎನ್ನುತ್ತಾರೆ. 2011ರ ನಿಷೇಧದಿಂದ ಕೆಲಸ ಕಳೆದುಕೊಂಡ ನೆನಪು ಅವರಲ್ಲಿದೆ. ಗಣಿ ಬೇಕೋ ಬೇಡವೋ ಎನ್ನುವುದಕ್ಕಿಂತ ಲಾರಿಗೆ ಬೇರೆ ರಸ್ತೆ, ಸ್ಥಳೀಯರಿಗೆ ಕೆಲಸ, ಗಣಿಬಾಧಿತ ಪ್ರದೇಶದ ನಿಧಿ ತಮ್ಮ ಊರಿಗೇ ಬಳಕೆಯಾಗಬೇಕು ಎಂಬ ಬೇಡಿಕೆಗಳಲ್ಲೇ ಸಭೆ ಮುಗಿಯುವುದು ಹೆಚ್ಚು. ಸಭೆಯಲ್ಲಿ ವಿರೋಧ ಬಂದರೆ ಯೋಜನೆ ಬಿದ್ದುಹೋಗುತ್ತದೆ ಎಂದೇನಿಲ್ಲ. ಆದರೆ ಎತ್ತಿದ ಪ್ರತಿಯೊಂದು ಆಕ್ಷೇಪಕ್ಕೂ ಲಿಖಿತ ಉತ್ತರ ಕೊಡಬೇಕಾದ ಹೊಣೆ ಕಂಪನಿಯ ಮೇಲೆ ಬೀಳುತ್ತದೆ.

ಕಾವಲಿನ ಪ್ರಶ್ನೆ

ನೆರೆಯ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಪ್ರಕರಣ ಇಡೀ ಜಿಲ್ಲೆಯ ಆಲೋಚನೆಯ ಮೇಲೆ ಗುರುತು ಬಿಟ್ಟಿದೆ. 2009ರ ನಂತರ ದೊಡ್ಡ ಉಳ್ಳಾರ್ತಿ, ಕುದಾಪುರ ಮೊದಲಾದೆಡೆ ಸುಮಾರು 10,000 ಎಕರೆ ಹುಲ್ಲುಗಾವಲನ್ನು ರಕ್ಷಣಾ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ ಮತ್ತು ಒಂದು ಸೌರ ವಿದ್ಯುತ್ ಕಂಪನಿಗೆ ನೀಡಲಾಯಿತು. ಗೋಡೆ ಎದ್ದ ಮೇಲಷ್ಟೇ ಹಲವು ಹಳ್ಳಿಗಳಿಗೆ ವಿಷಯ ತಿಳಿದದ್ದು. ಕುರಿ-ದನ ಮೇಯಿಸುವವರು, ಕಂಬಳಿ ನೇಯುವವರು ಪ್ರತಿಭಟಿಸಿದರು. ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಸೇರಿದಂತೆ ಅರ್ಜಿದಾರರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋದರು. 2014ರ ಆಗಸ್ಟ್‌ನಲ್ಲಿ ಪೀಠ ಷರತ್ತುಗಳೊಂದಿಗೆ ಯೋಜನೆಗಳಿಗೆ ಅವಕಾಶ ಕೊಟ್ಟಿತು.

ಸೌರ ಫಲಕವೂ ಸಂಶೋಧನಾಲಯವೂ ಒಳ್ಳೆಯ ಉದ್ದೇಶದವೇ. ಕುದಾಪುರದ ಆವರಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ವೀಕ್ಷಣಾಲಯವೂ ಇದೆ. ಆದರೆ ಸರ್ಕಾರದ ದಾಖಲೆಯಲ್ಲಿ ‘ಬೀಳು’ ಎನಿಸುವ ನೆಲ ಮೇಯಿಸುವವರ ಜೀವನಾಧಾರ ಎಂಬ ಪಾಠ ಈ ಪ್ರಕರಣದಿಂದ ಜಿಲ್ಲೆಯ ಹೋರಾಟಗಳ ಮಾತಿಗೆ ಸೇರಿತು. ಇಂದು ಹಿರಿಯೂರು, ಹೊಸದುರ್ಗಗಳಲ್ಲಿ ಗೋಮಾಳದ ಮೇಲೆ ಯಾವ ಯೋಜನೆ ಬಂದರೂ ಚಳ್ಳಕೆರೆಯ ಹೆಸರು ಎತ್ತದೆ ಚರ್ಚೆ ಮುಗಿಯುವುದಿಲ್ಲ.

ಅಭಿಪ್ರಾಯ ರೂಪಿಸುವವರು

1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಮತ್ತು ಅದರ ಬಣಗಳು ನೀರು, ವಿದ್ಯುತ್ ಪ್ರಶ್ನೆಗಳಲ್ಲಿ ಮುಂಚೂಣಿಯಲ್ಲಿವೆ. ಮಠಗಳ ಪಾತ್ರ ಇಲ್ಲಿ ವಿಶೇಷ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಒತ್ತಾಸೆಯಾಗಿ ನಿಂತ ಭರಮಸಾಗರ ಏತ ನೀರಾವರಿ ಯೋಜನೆ 43 ಕೆರೆಗಳಿಗೆ ತುಂಗಭದ್ರೆಯ ನೀರು ತರುವಂಥದು. 2021ರಲ್ಲಿ ಭರಮಸಾಗರದ ದೊಡ್ಡ ಕೆರೆಗೆ ನೀರು ಬಂದಾಗ ಊರು ಹಬ್ಬ ಮಾಡಿತು. ರೈತರು, ಎಂಜಿನಿಯರುಗಳು, ಮಂತ್ರಿಗಳು ಒಂದೇ ವೇದಿಕೆಯಲ್ಲಿ ಕುಳಿತು ಕಾಮಗಾರಿಯ ಲೆಕ್ಕ ಕೇಳುವ ಮಠದ ಸಭೆ ಅಧಿಕೃತ ಅಹವಾಲು ಸಭೆಗಿಂತ ಹೆಚ್ಚು ಪರಿಣಾಮಕಾರಿ ಎಂದು ಅನೇಕರು ನಂಬುತ್ತಾರೆ. ಪ್ರಾದೇಶಿಕ ದಿನಪತ್ರಿಕೆಗಳ ಜಿಲ್ಲಾ ಪುಟಗಳು ಹೋಬಳಿ ಮಟ್ಟದ ಬೇಡಿಕೆಗಳನ್ನು ದಾಖಲಿಸುತ್ತ ಬಂದಿವೆ.

ಸರ್ಕಾರದ ಕಾರ್ಯಕ್ರಮಗಳೂ ಅಭಿಪ್ರಾಯ ಬೆಳೆಸಿವೆ. ವಿಶ್ವಬ್ಯಾಂಕ್ ನೆರವಿನಿಂದ 2001ರಿಂದ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆ ಬದು, ಕೃಷಿಹೊಂಡ, ಚೆಕ್‌ಡ್ಯಾಮ್‌ಗಳನ್ನು ಊರವರ ಸಂಘಗಳ ಮೂಲಕವೇ ಯೋಜಿಸಿತು. ಹೊಸದುರ್ಗದ ಕೆಂಪುನೆಲದ ಸಾವೆ ಬೆಳೆಗೆ ಸಿರಿಧಾನ್ಯ ಪ್ರೋತ್ಸಾಹದಿಂದ ಮರುಜೀವ ಬಂದರೂ ಅಡಿಕೆಯ ಬೆಲೆಯ ಮುಂದೆ ಅದು ಮಂಕು. ಕಡಿಮೆ ನೀರಿನ ಬೆಳೆ ಬೆಳೆಯಿರಿ ಎಂಬ ಸಲಹೆಯನ್ನು ಎಲ್ಲರೂ ಒಪ್ಪುತ್ತಾರೆ. ಭದ್ರೆಯ ನೀರು ಬರುತ್ತದೆಂಬ ಸುದ್ದಿ ಹರಡಿದ ಕೂಡಲೇ ಅಡಿಕೆ ಸಸಿಗೆ ಬೇಡಿಕೆ ಏರುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕ ಆಧರಿಸಿದ ಹವಾಮಾನ ಬೆಳೆವಿಮೆಯ ಬಗ್ಗೆ ಆಸಕ್ತಿ ಇದೆ, ಜೊತೆಗೆ ಮಾಪಕದ ಲೆಕ್ಕಕ್ಕೂ ತಮ್ಮ ಹೊಲದ ಮಳೆಗೂ ತಾಳೆಯಾಗುವುದಿಲ್ಲ ಎಂಬ ದೂರೂ ಇದೆ.

ಒಟ್ಟು ನೋಟ

ಈ ನಾಲ್ಕು ತಾಲ್ಲೂಕುಗಳ ಜನರನ್ನು ಪರಿಸರದ ಪರ ಅಥವಾ ಅಭಿವೃದ್ಧಿಯ ಪರ ಎಂದು ವಿಂಗಡಿಸುವುದು ತಪ್ಪಾಗುತ್ತದೆ. ಅಂತರ್ಜಲ ಕುಸಿದಿದೆ ಎಂದು ಒಪ್ಪುವ ರೈತನೇ ಮೀಟರನ್ನು ವಿರೋಧಿಸುತ್ತಾನೆ. ಫ್ಯಾನಿಗೆ ಜಾಗ ಕೊಟ್ಟವನೇ ಟವರಿಗೆ ಅಡ್ಡ ನಿಲ್ಲುತ್ತಾನೆ. ಎರಡರ ಹಿಂದೆಯೂ ಒಂದೇ ತರ್ಕವಿದೆ: ಲಾಭ ಯಾರಿಗೆ, ನೀರು ಯಾರಿಗೆ, ನಮ್ಮನ್ನು ಕೇಳಿದಿರಾ? ಗಣಿಗೆ ಕಾನೂನಿನಲ್ಲೇ ಕೇಳುವ ವೇದಿಕೆ ಇದೆ. ನೀರಾವರಿಗೆ ಮಠ, ರೈತ ಸಂಘ, ಚುನಾವಣೆ ಎಂಬ ವೇದಿಕೆಗಳಿವೆ. ಹವಾಮಾನದ ಹೆಸರಿನಲ್ಲಿ ಬರುವ ಗಾಳಿ ಮತ್ತು ಸೌರ ಯೋಜನೆಗಳಿಗೆ ಮಾತ್ರ ಅಂಥ ಯಾವ ವೇದಿಕೆಯೂ ಇಲ್ಲ. ನವೀಕರಿಸಬಹುದಾದ ಇಂಧನವನ್ನು ಇನ್ನಷ್ಟು ವಿಸ್ತರಿಸಲು ಹೊರಟಿರುವ ರಾಜ್ಯ ಮೊದಲು ತುಂಬಿಕೊಡಬೇಕಾದ ಕೊರತೆ ಇದೇ.